ಹಳೆಯ ಬುಲೆಟ್ಟಿಗೆ ಕೈಯಿಂದ ಮಾಡಿದ ಗರ್ಡರ್ ಫೋರ್ಕ್: ಕಲಬುರಗಿಯಲ್ಲಿ ಮಾಡಿಸಬಹುದೇ?

ಬಿಸಿಲೂರ ಸವಾರ, ಕಲಬುರಗಿ

ಎಲ್ಲರಿಗೂ ಶರಣು. ನನ್ನ ಬಳಿ ಎಂಬತ್ತರ ದಶಕದ 350 ಸಿಸಿ ಬುಲೆಟ್ ಒಂದಿದೆ. ಎಂಜಿನ್ನು ಗಟ್ಟಿಯಾಗಿದೆ, ಚಾಸಿಸ್ಸಿಗೆ ಎಲ್ಲಿಯೂ ತುಕ್ಕು ಹಿಡಿದಿಲ್ಲ. ಆದರೆ ಮುಂದಿನ ಎರಡೂ ಶಾಕಪ್‌ಗಳು ಎಣ್ಣೆ ಸೋರುತ್ತಿವೆ, ಒಳಗಿನ ಪೈಪುಗಳ ಮೇಲೆ ಗೀರು ಬಿದ್ದಿದೆ. ಹೇಗಿದ್ದರೂ ಅವನ್ನು ಬದಲಿಸಬೇಕಾಗಿರುವುದರಿಂದ, ಎರಡನೆಯ ಮಹಾಯುದ್ಧಕ್ಕೂ ಹಿಂದಿನ ಬೈಕುಗಳಲ್ಲಿದ್ದಂಥ, ಮುಂದಿನ ಗಾಲಿಯನ್ನು ಹಿಡಿಯುವ, ಸ್ಪ್ರಿಂಗು ಹೊರಗೆ ಕಾಣುವ ಗರ್ಡರ್ ಫೋರ್ಕನ್ನು ನಮ್ಮೂರಿನಲ್ಲಿಯೇ ಮಾಡಿಸಿ ಕೂರಿಸಬೇಕೆಂಬುದು ನನ್ನ ಬಹುಕಾಲದ ಆಸೆ.

ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಪರಿಚಯದ ಲೇಥ್ ಮೇಸ್ತ್ರಿಯೊಬ್ಬರು "ಚಿತ್ರ ತಂದು ಕೊಡು, ಮಿಕ್ಕಿದ್ದನ್ನು ನನಗೆ ಬಿಡು" ಎಂದಿದ್ದಾರೆ. ಒಂದೂಕಾಲು ಇಂಚಿನ ಜಿಐ ಪೈಪು ಸಾಕಾಗುತ್ತದೆಂಬುದು ಅವರ ಅಭಿಪ್ರಾಯ. ಜೊತೆಗೆ ಮುಂದಿನ ಗಾಲಿಯನ್ನು ಚಾಪರ್ ಬೈಕುಗಳ ಹಾಗೆ ಮುಂದಕ್ಕೆ ಚಾಚಿಸಿ, ಫೋರ್ಕಿನ ಓರೆಯನ್ನು, ಅಂದರೆ ಲಂಬರೇಖೆಯಿಂದ ಅದು ಬಾಗಿರುವ ಕೋನವನ್ನು, 40 ಡಿಗ್ರಿಯವರೆಗೆ ಒಯ್ಯುವ ವಿಚಾರವಿದೆ. ಯಾವ ಪೈಪು ಬಳಸಬೇಕು, ಓರೆ ಎಷ್ಟಿರಬೇಕು, ಸ್ಪ್ರಿಂಗನ್ನು ಹೇಗೆ ಲೆಕ್ಕ ಹಾಕಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. "ಮಾಡಬೇಡ" ಎನ್ನುವವರು ಏಕೆ ಎಂಬುದನ್ನೂ ಬರೆಯಬೇಕು.

ಲೇಥ್ ಕಾಕಾ, ಕಲಬುರಗಿ

ತಮ್ಮಾ, ಮಾಡಬೇಡ ಎಂದು ನಾನು ಹೇಳುವುದಿಲ್ಲ. ಜಿಐ ಪೈಪಿನಲ್ಲಿ ಮಾಡಬೇಡ ಎನ್ನುತ್ತೇನೆ. ಅದು ನೀರು ಹರಿಸಲು ಮಾಡಿದ ಪೈಪು. ಉದ್ದಕ್ಕೂ ಬೆಸುಗೆಯ ಸೀಳು ಇರುತ್ತದೆ, ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಉಕ್ಕಿನ ಬಲ ಎಷ್ಟೆಂದು ಬರೆದುಕೊಡುವವರೂ ಯಾರಿಲ್ಲ. ಒಂದೂಕಾಲು ಇಂಚು ಎಂಬುದು ಕೂಡ ಒಳಗಿನ ಅಳತೆಯ ಹೆಸರು. ಹೊರಗಿನ ವ್ಯಾಸ 42 ಮಿ.ಮೀ. ದಾಟುತ್ತದೆ, ಆದ್ದರಿಂದ ನೀನು ಮನಸ್ಸಿನಲ್ಲಿ ಕಂಡ ಸಪೂರ ಫೋರ್ಕು ಅದರಿಂದ ಆಗುವುದಿಲ್ಲ. ಮೇಲಿನ ಸತುವಿನ ಲೇಪವನ್ನು ತೆಗೆಯದೆ ಬೆಸುಗೆ ಹಾಕಿದರೆ ಬೆಸುಗೆಯೊಳಗೆ ತೂತು ಬೀಳುತ್ತವೆ, ಆ ಹೊಗೆ ಕುಡಿದ ವೆಲ್ಡರ್ ರಾತ್ರಿ ಚಳಿಜ್ವರದಲ್ಲಿ ನಡುಗುತ್ತಾನೆ.

ಸಿಡಿಎಸ್ ಎಂದು ಕರೆಯುವ, ತಣ್ಣಗೆ ಎಳೆದ ಸೀಳಿಲ್ಲದ ಪೈಪು ತೆಗೆದುಕೊ. ವಾಹನಗಳಿಗೆ ಬಳಸುವ ಉಕ್ಕಿನ ಪೈಪುಗಳಿಗೆ ಐಎಸ್ 3074 ಎಂಬ ಭಾರತೀಯ ಮಾನಕವೇ ಇದೆ. ಪರೀಕ್ಷಾ ಪತ್ರದ ಪ್ರತಿ ಕೊಡುವ ವ್ಯಾಪಾರಿಯಿಂದ ಕೊಂಡರೆ ಹಣ ಹೆಚ್ಚಾದರೂ ಕೈಯಲ್ಲಿರುವ ವಸ್ತು ಏನೆಂಬುದಾದರೂ ಗೊತ್ತಿರುತ್ತದೆ.

ತೊಗರಿ ನಾಡು

ಸಿಡಿಎಸ್ ಪೈಪು ಕಲಬುರಗಿಯಲ್ಲಿ ಚಿಲ್ಲರೆಯಾಗಿ ಸಿಗುವುದು ಕಷ್ಟ. ಹೈದರಾಬಾದಿಗೆ ಹೋಗುವುದೇ ಸರಳ.

ನಿವೃತ್ತ ಮೆಕ್ಯಾನಿಕಲ್ ಮೇಷ್ಟ್ರು, ಬೀದರ್

ಪೈಪಿನ ಮಾತಿಗಿಂತ ಮೊದಲು ಇತ್ಯರ್ಥವಾಗಬೇಕಾದದ್ದು ರೇಖಾಗಣಿತ. ಹ್ಯಾಂಡಲ್ ತಿರುಗುವ ಅಕ್ಷದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದುವಿಗೂ, ಟೈರು ನೆಲಕ್ಕೆ ತಾಗುವ ಬಿಂದುವಿಗೂ ನಡುವೆ ಇರುವ ಅಂತರವನ್ನು ಟ್ರೇಲ್ ಎನ್ನುತ್ತೇವೆ. ಆಸ್ಪತ್ರೆಯ ತಳ್ಳುಗಾಡಿಯ ಸಣ್ಣ ಚಕ್ರ ತಾನಾಗಿಯೇ ಹಿಂದಕ್ಕೆ ತಿರುಗಿ ನೇರವಾಗುವುದು ಯಾವ ಕಾರಣಕ್ಕೋ, ಬೈಕಿನ ಮುಂದಿನ ಗಾಲಿ ನೇರವಾಗಿ ನಿಲ್ಲುವುದಕ್ಕೂ ಬಹುಮಟ್ಟಿಗೆ ಅದೇ ಕಾರಣ. ರಸ್ತೆಯ ಬೈಕುಗಳಲ್ಲಿ ಇದು ಸಾಮಾನ್ಯವಾಗಿ 80ರಿಂದ 120 ಮಿ.ಮೀ. ಒಳಗೆ ಇರುತ್ತದೆ.

ಲೆಕ್ಕ ಸುಲಭವಾಗಿದೆ. ಗಾಲಿಯ ತ್ರಿಜ್ಯವನ್ನು ಓರೆಯ ಕೋನದ ಸೈನ್‌ನಿಂದ ಗುಣಿಸಿ, ಅದರಿಂದ ಆಫ್‌ಸೆಟ್ಟನ್ನು, ಅಂದರೆ ತಿರುಗುವ ಅಕ್ಷದಿಂದ ಗಾಲಿಯ ಆಕ್ಸಲ್ ಎಷ್ಟು ಮುಂದಿದೆ ಎಂಬುದನ್ನು ಕಳೆದು, ಉಳಿದದ್ದನ್ನು ಅದೇ ಕೋನದ ಕೊಸೈನ್‌ನಿಂದ ಭಾಗಿಸಬೇಕು. ಬುಲೆಟ್ಟಿನ 3.25-19 ಟೈರಿಗೆ ತ್ರಿಜ್ಯ ಸುಮಾರು 324 ಮಿ.ಮೀ. ಎನ್ನೋಣ, ಆಫ್‌ಸೆಟ್ 60 ಎಂದು ಹಿಡಿಯೋಣ. ಓರೆ 27 ಡಿಗ್ರಿ ಇದ್ದರೆ ಟ್ರೇಲ್ 98 ಮಿ.ಮೀ. ಬರುತ್ತದೆ. ಬೇರೇನನ್ನೂ ಬದಲಿಸದೆ ಓರೆಯನ್ನು ಮಾತ್ರ 40 ಡಿಗ್ರಿಗೆ ಒಯ್ದರೆ ಅದು 194 ಮಿ.ಮೀ. ಆಗುತ್ತದೆ, ಅಂದರೆ ಹತ್ತಿರ ಹತ್ತಿರ ಎರಡು ಪಟ್ಟು. ಆಗ ಬೈಕು ನೇರ ರಸ್ತೆಯಲ್ಲಿ ಹಟಮಾರಿಯಂತೆ ನೇರಕ್ಕೇ ಓಡುತ್ತದೆ, ನಿಧಾನಕ್ಕೆ ತಿರುವಿದಾಗ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಒಂದು ಬದಿಗೆ ಬೀಳುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಜನಸಂದಣಿಯಲ್ಲಿ ಇಂಥದ್ದನ್ನು ಓಡಿಸಬೇಕಾದವರ ತೋಳಿನ ಪಾಡನ್ನು ನೀವೇ ಯೋಚಿಸಿ. 40 ಡಿಗ್ರಿಯಲ್ಲಿಯೂ ಟ್ರೇಲ್ 100ರ ಆಸುಪಾಸಿನಲ್ಲಿ ಇರಬೇಕಾದರೆ ಆಫ್‌ಸೆಟ್ 132 ಮಿ.ಮೀ. ಆಗಬೇಕು, ಮತ್ತು ಗರ್ಡರಿನ ಕಾಲುಗಳನ್ನು ತಲೆಗೆ ಜೋಡಿಸುವ ಲಿಂಕುಗಳನ್ನು ಅದಕ್ಕೆ ತಕ್ಕಂತೆ ಉದ್ದ ಮಾಡಬೇಕು.

ಕೆಎ 33 ರೈಡರ್, ಯಾದಗಿರಿ

ಮೇಷ್ಟ್ರೇ, ತಮ್ಮ ಲೆಕ್ಕಕ್ಕೆ ಗೌರವವಿದೆ. ಆದರೆ ಅಮೆರಿಕದಲ್ಲಿ 45 ಡಿಗ್ರಿಯ ಚಾಪರುಗಳು ದಶಕಗಳಿಂದ ಓಡುತ್ತಿವೆ. ಅವರೆಲ್ಲ ಲೆಕ್ಕ ಹಾಕಿ ಓಡಿಸುತ್ತಿದ್ದಾರೆಯೇ?

ನಿವೃತ್ತ ಮೆಕ್ಯಾನಿಕಲ್ ಮೇಷ್ಟ್ರು, ಬೀದರ್

ಹೌದು, ಒಳ್ಳೆಯ ತಯಾರಕರು ಲೆಕ್ಕ ಹಾಕಿಯೇ ಮಾಡುತ್ತಾರೆ. ಚಾಸಿಸ್ಸಿನ ತಲೆಯ ಓರೆಗಿಂತ ಫೋರ್ಕಿನ ಓರೆ ಕೆಲವು ಡಿಗ್ರಿ ಹೆಚ್ಚಿರುವಂತೆ, ಫೋರ್ಕಿನ ಕಾಲುಗಳನ್ನು ಹಿಡಿಯುವ ಮೇಲಿನ ಮತ್ತು ಕೆಳಗಿನ ಹಿಡಿಕೆಗಳನ್ನು ಕಡೆದು, ಆಕ್ಸಲನ್ನು ಮುಂದಕ್ಕೆ ತಂದು, ಬೆಳೆದ ಟ್ರೇಲನ್ನು ಮರಳಿ ಇಳಿಸುತ್ತಾರೆ. ಹೊರಗಿನಿಂದ ನೋಡಿದವರಿಗೆ ಉದ್ದ ಮಾತ್ರ ಕಾಣುತ್ತದೆ. ಇದೇ ಹಿಡಿಕೆಗಳನ್ನು 27 ಡಿಗ್ರಿಯ ಮಾಮೂಲಿ ಚಾಸಿಸ್ಸಿಗೆ ಫ್ಯಾಶನ್ನಿಗಾಗಿ ಹಾಕಿದರೆ ಟ್ರೇಲ್ ತೀರ ಕಡಿಮೆಯಾಗಿ, ವೇಗದಲ್ಲಿ ಹ್ಯಾಂಡಲ್ ನಡುಗಲು ತೊಡಗುತ್ತದೆ. ಕೆಟ್ಟದ್ದು ಎರಡೂ ದಿಕ್ಕಿನಲ್ಲಿದೆ.

ಇನ್ನೊಂದು ಮಾತು. ಚಾಸಿಸ್ಸನ್ನು ಮುಟ್ಟದೆ ಫೋರ್ಕನ್ನು ಮಾತ್ರ 100 ಮಿ.ಮೀ. ಉದ್ದ ಮಾಡಿದರೂ ಬೈಕಿನ ಮುಂಭಾಗ ಮೇಲೆದ್ದು ಓರೆ ಸುಮಾರು ಮೂರೂವರೆ ಡಿಗ್ರಿ ಹೆಚ್ಚುತ್ತದೆ. "ನಾನು ಕೋನವನ್ನು ಬದಲಿಸಿಲ್ಲ, ಉದ್ದ ಮಾತ್ರ ಮಾಡಿದ್ದೇನೆ" ಎನ್ನುವವರು ಇದನ್ನು ಗಮನಿಸಬೇಕು.

ಸೇಡಂ ರಸ್ತೆ

ಅಮೆರಿಕದ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಎದುರಿನಿಂದ ಸಿಮೆಂಟಿನ ಬಲ್ಕರ್ ಲಾರಿ, ಪಕ್ಕದಲ್ಲಿ ಎರೆಮಣ್ಣು ಉಬ್ಬಿ ಅಲೆಯಲೆಯಾದ ಡಾಂಬರು, ನಡುವೆ ಎಮ್ಮೆಗಳ ಸಾಲು. ಇಲ್ಲಿ ಬೇಕಾದದ್ದು ಚುರುಕಾಗಿ ತಿರುಗುವ ಬೈಕು.

ಕಾಯ್ದೆ ಓದಿದವ, ಬೀದರ್

ಎಲ್ಲರೂ ಡಿಗ್ರಿಯ ಮಾತಾಡುತ್ತಿದ್ದೀರಿ. ಸೆಕ್ಷನ್ನಿನ ಮಾತು ಯಾರೂ ಎತ್ತಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಲು ಮಾಲೀಕನಿಗೆ ಅಧಿಕಾರವಿಲ್ಲ. 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ನಾಲ್ಕನೆಯ ಉಪಕಲಮು, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದೆಂದು ಹೇಳುತ್ತದೆ. ಮುಂದಿನ ಫೋರ್ಕು ಎಂದರೆ ಕನ್ನಡಿ, ಸೀಟಿನಂಥ ಅಲಂಕಾರದ ವಸ್ತುವಲ್ಲ. ಸ್ಟಿಯರಿಂಗಿನ, ಬ್ರೇಕಿನ, ಸಸ್ಪೆನ್ಷನ್ನಿನ ಕೆಲಸ ಮೂರೂ ಅದರ ಮೇಲೆ ನಿಂತಿವೆ.

ಇದಲ್ಲದೆ ಎಂಬತ್ತರ ದಶಕದ ಗಾಡಿಯಾದ್ದರಿಂದ ಹದಿನೈದು ವರ್ಷ ಎಂದೋ ಮುಗಿದಿದೆ. ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಲು ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ಇನ್‌ಸ್ಪೆಕ್ಟರು ಮುಂದೆ ನಿಂತಿರುವಾಗ ಗರ್ಡರ್ ಫೋರ್ಕನ್ನು ಎಲ್ಲಿ ಅಡಗಿಸುತ್ತೀರಿ? ಅಪಘಾತವಾದರೆ ವಿಮಾ ಕಂಪನಿಯವರು ಮೊದಲು ನೋಡುವುದೂ ಅದನ್ನೇ.

ಕೆಎ 33 ರೈಡರ್, ಯಾದಗಿರಿ

ಯಾವ ಎಳೆ ತೆರೆದರೂ ಕಾಯ್ದೆಯ ಪುಸ್ತಕ ಹಿಡಿದು ಒಬ್ಬರು ಬಂದೇ ಬರುತ್ತಾರೆ. ನಮ್ಮ ಕಡೆ ಸೈಲೆನ್ಸರು ಕೊರೆದ ಗಾಡಿಗಳು ಊರ ತುಂಬ ಓಡಾಡುತ್ತಿವೆ, ಟ್ರಾಕ್ಟರಿಗೆ ಕಂಡ ಕಂಡ ಟ್ರಾಲಿ ಜೋಡಿಸುತ್ತಾರೆ. ಒಬ್ಬ ಹುಡುಗ ಶ್ರದ್ಧೆಯಿಂದ ಒಂದು ಕಲೆ ಕಲಿಯುತ್ತೇನೆಂದರೆ ತಣ್ಣೀರು ಎರಚುವುದೇಕೆ?

ಕಾಯ್ದೆ ಓದಿದವ, ಬೀದರ್

ಕಲಿಯಬೇಡವೆಂದು ನಾನು ಎಲ್ಲಿಯೂ ಬರೆದಿಲ್ಲ. ಸಾರ್ವಜನಿಕ ರಸ್ತೆಗೆ ಇಳಿಸಬಾರದೆಂದು ಬರೆದಿದ್ದೇನೆ. ಪ್ರದರ್ಶನಕ್ಕೆ ಮಾಡಿ, ಸ್ವಂತ ಹೊಲದಲ್ಲಿ ಓಡಿಸಿ, ಯಾರ ತಕರಾರೂ ಇಲ್ಲ. ಸೈಲೆನ್ಸರು ಕೊರೆದವನು ನಮ್ಮ ಕಿವಿಯನ್ನು ಕೆಡಿಸುತ್ತಾನೆ, ಫೋರ್ಕು ಮುರಿದವನು ಎದುರಿಗೆ ಬಂದವನ ಮೇಲೆಯೇ ಬೀಳುತ್ತಾನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಹಳೆ ಗಾಡಿ ಪ್ರಿಯ, ಬಸವಕಲ್ಯಾಣ

ಇಬ್ಬರೂ ಜಗಳ ಬಿಡಿರಿ. ಕಾನೂನಿನೊಳಗೇ ಗರ್ಡರ್ ಫೋರ್ಕಿನ ಬೈಕು ಹೊಂದಲು ಒಂದು ದಾರಿ ಇದೆ: ಮೂಲದಲ್ಲಿಯೇ ಗರ್ಡರ್ ಇದ್ದ ಬೈಕನ್ನು ಹುಡುಕಿ ದುರಸ್ತಿ ಮಾಡುವುದು. ಯುದ್ಧಕಾಲದಲ್ಲಿ ಸೈನ್ಯಕ್ಕಾಗಿ ತಯಾರಾದ ರಾಯಲ್ ಎನ್‌ಫೀಲ್ಡಿನ 350 ಸಿಸಿ ಡಬ್ಲ್ಯುಡಿ/ಸಿ ಮಾದರಿಗೆ ಗರ್ಡರ್ ಫೋರ್ಕೇ ಇತ್ತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ಹೊರಡಿಸಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿಸ್ಸು, ಎಂಜಿನ್ನು ಮುಂತಾದವು ಮೂಲ ಸ್ವರೂಪದಲ್ಲಿಯೇ ಇರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷ ಊರ್ಜಿತ. ಆದರೆ ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ; ಪ್ರದರ್ಶನ, ರ್‍ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥವುಗಳಿಗೆ ಮಾತ್ರ.

ಅಂಥ ಬೈಕಿಗೆ ಹೊಸ ಗರ್ಡರ್ ಸಿಗದಿದ್ದಾಗ ಮೂಲದ ಅಳತೆಯಲ್ಲಿಯೇ ಕೈಯಿಂದ ಮಾಡುವುದು ಜಗತ್ತಿನಾದ್ಯಂತ ನಡೆದುಬಂದಿರುವ ಕೆಲಸ. ನಿಮ್ಮ ಮೇಸ್ತ್ರಿಯ ಕೈಚಳಕಕ್ಕೆ ಅಲ್ಲಿ ಬೆಲೆ ಬರುತ್ತದೆ.

ಕಿರಿಕಿರಿ ಕಿರಣ

ಬುಲೆಟ್ಟಿಗೇ ಮೊದಲು ಗರ್ಡರ್ ಫೋರ್ಕು ಇತ್ತೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಹಾಗಿದ್ದರೆ ಇದೂ ಮೂಲ ಸ್ವರೂಪವೇ ಆಯಿತಲ್ಲ?

ಹಳೆ ಗಾಡಿ ಪ್ರಿಯ, ಬಸವಕಲ್ಯಾಣ

ಬುಲೆಟ್ ಎಂಬ ಹೆಸರು 1932ರಿಂದ ಇದೆ, ಆಗಿನ ಬೈಕಿಗೆ ಗರ್ಡರ್ ಇದ್ದದ್ದು ನಿಜ. ಆದರೆ ಯುದ್ಧದ ನಂತರ 1949ರಲ್ಲಿ ಬಂದ ಬುಲೆಟ್ಟಿಗೆ ಒಂದು ಪೈಪಿನೊಳಗೆ ಇನ್ನೊಂದು ಜಾರುವ ಟೆಲಿಸ್ಕೋಪಿಕ್ ಫೋರ್ಕು ಬಂದಿತು, 1955ರಲ್ಲಿ ಮದ್ರಾಸಿನ ಕಾರ್ಖಾನೆ ಆರಂಭವಾದಾಗ ಇಲ್ಲಿಗೆ ಬಂದದ್ದು ಆ ಹೊಸ ಬುಲೆಟ್. ಆದ್ದರಿಂದ ಎಂಬತ್ತರ ದಶಕದ ಗಾಡಿಗೆ ಗರ್ಡರ್ ಮೂಲವೆಂದು ಯಾವ ಇನ್‌ಸ್ಪೆಕ್ಟರೂ ಒಪ್ಪಲಾರರು.

ಈ ಬದಲಾವಣೆ ಒಂದು ಕಂಪನಿಯದಷ್ಟೇ ಅಲ್ಲ. ಎಣ್ಣೆಯಿಂದ ಕುಲುಕು ತಡೆಯುವ ಟೆಲಿಸ್ಕೋಪಿಕ್ ಫೋರ್ಕನ್ನು ಬಿಎಂಡಬ್ಲ್ಯು 1935ರ ಆರ್12 ಬೈಕಿನಲ್ಲಿ ತಂದಿತು. ಹಾರ್ಲೆ ಡೇವಿಡ್‌ಸನ್ ಕಂಪನಿ ತನ್ನ ದೊಡ್ಡ ಬೈಕುಗಳ ಸ್ಪ್ರಿಂಗರ್ ಫೋರ್ಕನ್ನು ಬಿಟ್ಟು 1949ರಲ್ಲಿ ಹೈಡ್ರಾ ಗ್ಲೈಡ್ ತಂದಿತು. ವಿನ್ಸೆಂಟ್ ಕಂಪನಿ ಮಾತ್ರ ಎಲ್ಲರೂ ಬಿಟ್ಟ ಮೇಲೆಯೂ ಗರ್ಡ್ರಾಲಿಕ್ ಎಂಬ ತನ್ನದೇ ಗರ್ಡರನ್ನು, ಮಿಶ್ರಲೋಹದ ದಪ್ಪ ಕಾಲುಗಳೊಂದಿಗೆ ಮುಂದುವರಿಸಿತು. ಇನ್ನು ಲಿಂಕಿನ ಮೇಲೆ ಗಾಲಿ ಆಡುವುದು ನಮಗೆ ಹೊಸದೇನೂ ಅಲ್ಲ. ಬಜಾಜ್ ಚೇತಕ್ ಸ್ಕೂಟರಿನ ಮುಂದಿನ ಗಾಲಿ ಒಂದೇ ಬದಿಯ ಲಿಂಕಿನ ಮೇಲೆ ಆಡುತ್ತಿತ್ತು, ಕಾಲು ಶತಮಾನ ಇಡೀ ದೇಶ ಅದರ ಮೇಲೆ ಸಂಸಾರ ಹೊತ್ತು ತಿರುಗಿದೆ.

ಕೆಎ 33 ರೈಡರ್, ಯಾದಗಿರಿ

ಗರ್ಡರ್ ಬಿಟ್ಟು ಸ್ಪ್ರಿಂಗರ್ ಮಾಡಿದರೆ ಹೇಗೆ? ನೋಡಲು ಇನ್ನೂ ಸೊಗಸು.

ಲೇಥ್ ಕಾಕಾ, ಕಲಬುರಗಿ

ಸೊಗಸು ಹೌದು, ತಲೆನೋವೂ ಹೌದು. ಗರ್ಡರಿನಲ್ಲಿ ಎರಡು ಕಾಲುಗಳು ಗಾಲಿಯ ಜೊತೆಗೇ ಮೇಲೆ ಕೆಳಗೆ ಆಡುತ್ತವೆ. ತಲೆಯ ಹತ್ತಿರ ಮೇಲೊಂದು ಕೆಳಗೊಂದು ಜೋಡಿ ಲಿಂಕು, ನಾಲ್ಕು ಪಿನ್ನು, ನಡುವೆ ಒಂದು ಸ್ಪ್ರಿಂಗು, ಅಷ್ಟೇ. ಬ್ರೇಕ್ ಪ್ಲೇಟನ್ನು ಕಾಲಿಗೇ ಬಿಗಿದರೆ ಕೆಲಸ ಮುಗಿಯಿತು, ಏಕೆಂದರೆ ಪ್ಲೇಟೂ ಕಾಲೂ ಒಟ್ಟಿಗೇ ಆಡುತ್ತವೆ. ಸ್ಪ್ರಿಂಗರಿನಲ್ಲಿ ಹಿಂದಿನ ಕಾಲು ಗಟ್ಟಿಯಾಗಿ ನಿಂತಿರುತ್ತದೆ, ಮುಂದಿನದು ಆಡುತ್ತದೆ, ಕೆಳಗೆ ರಾಕರ್ ಎಂಬ ತುಂಡು ಎರಡನ್ನೂ ಆಕ್ಸಲನ್ನೂ ಜೋಡಿಸುತ್ತದೆ. ಅಲ್ಲಿ ಬ್ರೇಕಿನ ತಡೆಯನ್ನು ಸುಮ್ಮನೆ ರಾಕರಿಗೆ ಬಿಗಿದರೆ ಬ್ರೇಕು ಹಿಡಿದಾಗಲೆಲ್ಲ ರಾಕರ್ ತಿರುಚಿಕೊಂಡು ಸಸ್ಪೆನ್ಷನ್ ಬಿಗಿಯುತ್ತದೆ. ಅದನ್ನು ತಪ್ಪಿಸಲು ಪ್ಲೇಟಿನಿಂದ ಗಟ್ಟಿ ಕಾಲಿಗೆ ಪ್ರತ್ಯೇಕ ಕೊಂಡಿಯನ್ನು ರಾಕರಿಗೆ ಸಮಾನಾಂತರವಾಗಿ ಕೊಡಬೇಕು. ಮೊದಲ ಸಲ ಮಾಡುವವರಿಗೆ ಗರ್ಡರೇ ವಾಸಿ.

ನಿವೃತ್ತ ಮೆಕ್ಯಾನಿಕಲ್ ಮೇಷ್ಟ್ರು, ಬೀದರ್

ಕಾಕಾ ಹೇಳಿದ್ದಕ್ಕೆ ಒಂದು ಸೇರ್ಪಡೆ: ಗರ್ಡರಿನ ಇಡೀ ಕಾಲು ಗಾಲಿಯ ಜೊತೆ ಆಡುವುದರಿಂದ ಸ್ಪ್ರಿಂಗಿನ ಕೆಳಗಿನ ಭಾರ ಹೆಚ್ಚು, ಕುಲುಕೂ ಹೆಚ್ಚು. ಸ್ಪ್ರಿಂಗರಿನಲ್ಲಿ ಅದು ಸ್ವಲ್ಪ ಕಡಿಮೆ. ಆದರೂ ಮೊದಲ ಸಲಕ್ಕೆ ಗರ್ಡರ್ ಎಂಬುದನ್ನು ನಾನೂ ಒಪ್ಪುತ್ತೇನೆ.

ಹುಮನಾಬಾದ್ ವೆಲ್ಡರ್

ಹೆದ್ದಾರಿಯ ಬದಿಯಲ್ಲಿ ಲಾರಿಗಳ ಚಾಸಿಸ್ಸು ಕಟ್ಟುವುದು ನಮ್ಮ ಕಸುಬು, ಬೈಕಿನ ಕೆಲಸವೂ ಆಗಾಗ ಬರುತ್ತದೆ. ನಮ್ಮ ಅಂಗಡಿಗೆ ದುರಸ್ತಿಗೆಂದು ಬಂದ ಒಂದು ಉದ್ದ ಫೋರ್ಕಿನ ಬೈಕಿನಲ್ಲಿ, ಹ್ಯಾಂಡಲಿನ ನಡುಗಂಬವು ಕೆಳಗಿನ ಹಿಡಿಕೆಗೆ ಸೇರುವ ಬೆಸುಗೆಯ ಅಂಚಿನಲ್ಲಿಯೇ ಅರ್ಧ ಸುತ್ತು ಬಿರುಕು ಬಿಟ್ಟಿತ್ತು. ಮೇಲೆ ಕ್ರೋಮ್ ಲೇಪ ಇದ್ದುದರಿಂದ ಸವಾರನಿಗೆ ಅದು ಕಂಡಿರಲೇ ಇಲ್ಲ. ಹ್ಯಾಂಡಲಿನಲ್ಲಿ ಕಟಕಟ ಸದ್ದು ಬರುತ್ತದೆ, ಕೋನ್ ಸೆಟ್ (ಹ್ಯಾಂಡಲಿನ ಬೇರಿಂಗು) ಬದಲಿಸಿ ಕೊಡಿ ಎಂದು ತಂದಿದ್ದರು.

ನಡುಗಂಬಕ್ಕೆ ಬಲ ಹೆಚ್ಚೆಂದು ಇಎನ್24 ಎಂಬ ಗಟ್ಟಿ ಮಿಶ್ರ ಉಕ್ಕನ್ನು ಕಡೆಯುತ್ತಾರೆ, ಆಮೇಲೆ ಅದನ್ನು ಮಾಮೂಲಿ 6013 ವೆಲ್ಡಿಂಗ್ ಕಡ್ಡಿಯಿಂದ ತಣ್ಣಗಿರುವಾಗಲೇ ಬೆಸೆಯುತ್ತಾರೆ. ಅಂಥ ಉಕ್ಕಿನಲ್ಲಿ ಬೆಸುಗೆಯ ಪಕ್ಕದ ಪಟ್ಟಿ ಬೇಗ ತಣಿದು ಗಾಜಿನಷ್ಟು ಪೆಡಸಾಗುತ್ತದೆ. ಮೊದಲೇ ಚೆನ್ನಾಗಿ ಕಾಯಿಸಿ, ಒಲೆಯಲ್ಲಿ ಒಣಗಿಸಿಟ್ಟ 7018 ಕಡ್ಡಿಯಿಂದಲೋ ಟಿಗ್ ಎಂಬ, ಅನಿಲದ ರಕ್ಷಣೆಯಲ್ಲಿ ಹಾಕುವ ಬೆಸುಗೆಯಿಂದಲೋ ಬೆಸೆದು, ನಿಧಾನವಾಗಿ ತಣಿಯಲು ಬಿಡಬೇಕು. ಅದಕ್ಕೆ ತಾಳ್ಮೆ ಇಲ್ಲದಿದ್ದರೆ ಸಾಧಾರಣ ಉಕ್ಕನ್ನೇ ದಪ್ಪವಾಗಿ ಬಳಸುವುದು ಹೆಚ್ಚು ಕ್ಷೇಮ. ನಡುಗಂಬವನ್ನು ಹಿಡಿಕೆಯ ತೂತಿಗೆ ಒತ್ತಿ ಬಿಗಿಯಾಗಿ ಕೂರಿಸಿ, ಬೆಸುಗೆ ಬರಿಯ ಕಾವಲಿಗೆ ಇರುವಂತೆ ಮಾಡಬೇಕು. ಭಾರವೆಲ್ಲ ಬೆಸುಗೆಯ ಮೇಲೆಯೇ ಬೀಳಬಾರದು.

ಸೇಡಂ ರಸ್ತೆ

ಅಷ್ಟು ಭಾರ ಎಲ್ಲಿಂದ ಬರುತ್ತದೆ? ಬೈಕೇನು ಲಾರಿಯೇ?

ಎಂಟೆಕ್ ಹುಡುಗ, ಕಲಬುರಗಿ

ಬೈಕು, ಸವಾರ ಸೇರಿ 260 ಕಿಲೋ ಎಂದುಕೊಳ್ಳಿ. ಗಟ್ಟಿಯಾಗಿ ಬ್ರೇಕು ಹಿಡಿದು ಗುರುತ್ವದ ಹತ್ತರಲ್ಲಿ ಎಂಟು ಪಾಲಿನಷ್ಟು ವೇಗ ತಗ್ಗಿಸಿದರೆ ಟೈರಿನ ಬುಡದಲ್ಲಿ 2,000 ನ್ಯೂಟನ್ ದಾಟಿದ ಬಲ ಹಿಂದಕ್ಕೆ ತಳ್ಳುತ್ತದೆ. ಕೆಳಗಿನ ಬೇರಿಂಗು ನೆಲದಿಂದ 650 ಮಿ.ಮೀ. ಎತ್ತರದಲ್ಲಿದ್ದರೆ ಅಲ್ಲಿ 1,300 ನ್ಯೂಟನ್ ಮೀಟರಿನಷ್ಟು ಬಾಗಿಸುವ ಶಕ್ತಿ ಬೀಳುತ್ತದೆ. ನಡುಗಂಬ ಅಲ್ಲಿಯೇ ಒಡೆಯುವುದಕ್ಕೆ ಇದೇ ಕಾರಣ.

ನಿವೃತ್ತ ಮೆಕ್ಯಾನಿಕಲ್ ಮೇಷ್ಟ್ರು, ಬೀದರ್

ಲೆಕ್ಕದ ಅರ್ಧವಷ್ಟೇ ಆಯಿತು. ಫೋರ್ಕು ಮುಂದಕ್ಕೆ ಓರೆಯಾಗಿರುವುದರಿಂದ, ಬ್ರೇಕು ಹಿಡಿದಾಗ ಮುಂದಿನ ಗಾಲಿಯ ಮೇಲೆ ಬೀಳುವ ಲಂಬ ಭಾರ ಅದನ್ನು ಮುಂದಕ್ಕೆ ಬಾಗಿಸುತ್ತದೆ, ಬ್ರೇಕಿನ ಬಲ ಹಿಂದಕ್ಕೆ ಬಾಗಿಸುತ್ತದೆ. ಒಂದು ಇನ್ನೊಂದನ್ನು ಕಳೆಯುವುದರಿಂದ 27 ಡಿಗ್ರಿಯ ಬೈಕಿನಲ್ಲಿ ಉಳಿಯುವುದು ಸುಮಾರು 800 ನ್ಯೂಟನ್ ಮೀಟರು ಮಾತ್ರ. ಆದರೆ ಗುಂಡಿಗೆ ಬಿದ್ದಾಗ ಬ್ರೇಕಿನ ಬಲವಿಲ್ಲ, ಲಂಬವಾದ ಹೊಡೆತವೊಂದೇ ಇದೆ; ಆಗ ಇಡೀ ಫೋರ್ಕು ಮುಂದಕ್ಕೆ ಬಾಗುತ್ತದೆ. ಓರೆ ಹೆಚ್ಚಿದಷ್ಟೂ ಈ ಹೊಡೆತ ಹೆಚ್ಚು. ಹೀಗೆ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಸಾವಿರಾರು ಸಲ ಬಾಗಿ ಲೋಹ ದಣಿಯುತ್ತದೆ. ಬಿರುಕು ಹುಟ್ಟುವುದು ಅದರಿಂದ. ಹುಮನಾಬಾದಿನವರು ಕಂಡದ್ದು ಅದನ್ನೇ ಇರಬೇಕು.

ಈ ಕಾರಣಕ್ಕೆ ಕೆಳಗಿನ ಬೇರಿಂಗಿನ ಹತ್ತಿರ ಮರೆತೂ ಥ್ರೆಡ್ಡು (ಸ್ಕ್ರೂವಿನ ಸುತ್ತು) ಕಡೆಯಬಾರದು, ಚೂಪು ಮೂಲೆ ಬಿಡಬಾರದು. ದುಂಡಗಿನ ತಿರುವು ಕೊಟ್ಟು ನುಣ್ಣಗೆ ಉಜ್ಜಬೇಕು. ಥ್ರೆಡ್ಡುಗಳೆಲ್ಲ ತಲೆಯ ತುದಿಯಲ್ಲಿಯೇ ಇರಲಿ.

ಬಿಸಿಲೂರ ಸವಾರ, ಕಲಬುರಗಿ

ಇಷ್ಟು ಜನ ಬರೆದದ್ದಕ್ಕೆ ಧನ್ಯವಾದಗಳು. ಕ್ರೋಮ್ ಲೇಪದಿಂದಲೂ ಉಕ್ಕು ಒಡೆಯುತ್ತದೆಂದು ಒಬ್ಬರು ಹೇಳಿದರು. ಅದು ನಿಜವೇ?

ಎಂಟೆಕ್ ಹುಡುಗ, ಕಲಬುರಗಿ

ಗಟ್ಟಿಗೊಳಿಸಿದ ಉಕ್ಕಿಗೆ ನಿಜ. ಆಮ್ಲದಲ್ಲಿ ತೊಳೆಯುವಾಗಲೂ ಲೇಪಿಸುವಾಗಲೂ ಹೈಡ್ರೋಜನ್ ಉಕ್ಕಿನೊಳಗೆ ಇಳಿದು ಅದನ್ನು ಪೆಡಸು ಮಾಡುತ್ತದೆ. ಲೇಪ ಮುಗಿದ ಕೆಲವೇ ಗಂಟೆಗಳೊಳಗೆ 190ರಿಂದ 220 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಅದು ಹೊರಬೀಳುತ್ತದೆ. ಮೃದುವಾದ ಸಾಧಾರಣ ಉಕ್ಕಿಗೆ ಈ ಭಯ ಬಹಳ ಕಡಿಮೆ. ಗರ್ಡರಿನ ಸ್ಪ್ರಿಂಗಿಗೆ ಮಾತ್ರ ಯಾರೂ ಕ್ರೋಮ್ ಮಾಡಿಸಬೇಡಿ. ಕಪ್ಪು ಬಣ್ಣ ಬಳಿಯಿರಿ.

ತೊಗರಿ ನಾಡು

ಕ್ರೋಮ್ ಬೇಡವಾದರೆ ಬಿದರಿ ಕೆಲಸ ಮಾಡಿಸಿ! ಕಪ್ಪು ಫೋರ್ಕಿನ ಮೇಲೆ ಬೆಳ್ಳಿಯ ಬಳ್ಳಿ. ಕಲ್ಯಾಣ ಕರ್ನಾಟಕದ ಬೈಕೆಂದು ಜಗತ್ತೇ ನೋಡಲಿ.

ಹಳೆ ಗಾಡಿ ಪ್ರಿಯ, ಬಸವಕಲ್ಯಾಣ

ಬಿದರಿ ಉಕ್ಕಿನ ಮೇಲೆ ಆಗುವ ಕೆಲಸವಲ್ಲ. ಅದು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಲೋಹ. ಅದರಲ್ಲಿ ಬೆಳ್ಳಿಯ ತಂತಿ ಕೂರಿಸಿ, ಬೀದರ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿದ ನೀರಿನಿಂದ ಕಪ್ಪಾಗಿಸುತ್ತಾರೆ. ಸತು ಕರಗುವುದು 420 ಡಿಗ್ರಿಯ ಸುಮಾರಿಗೆ, ಬಡಿದರೆ ಒಡೆಯುತ್ತದೆ, ಆದ್ದರಿಂದ ಭಾರ ಹೊರುವ ಕಡೆ ಅದಕ್ಕೆ ಜಾಗವಿಲ್ಲ. ಆದರೆ ಗರ್ಡರಿನ ಪಕ್ಕದಲ್ಲಿ ಕುಲುಕು ತಡೆಯುವ ಘರ್ಷಣೆಯ ಬಿಲ್ಲೆಗಳನ್ನು ಕೈಯಿಂದ ಬಿಗಿಯುವ ಒಂದು ಗುಬುಟು ಇರುತ್ತದೆ. ಒಳಗೆ ಉಕ್ಕಿನ ಥ್ರೆಡ್ಡು ಇಟ್ಟು ಆ ಗುಬುಟಿನ ಮುಚ್ಚಳವನ್ನು ಮಾತ್ರ ಬಿದರಿಯಲ್ಲಿ ಮಾಡಿಸಿದರೆ ಬಹಳ ಚೆನ್ನಾಗಿರುತ್ತದೆ. ನಾನಾದರೆ ಅದನ್ನು ಖಂಡಿತ ಮಾಡಿಸುತ್ತಿದ್ದೆ.

ಬಿಸಿಲೂರ ಸವಾರ, ಕಲಬುರಗಿ

ಬಿದರಿ ಗುಬುಟು ನನ್ನ ಮನಸ್ಸಿಗೆ ಹಿಡಿಸಿತು. ಎಲ್ಲರ ಮಾತನ್ನೂ ಕೇಳಿ ಹೀಗೆ ನಿಶ್ಚಯಿಸಿದ್ದೇನೆ: ರಸ್ತೆಯ ಬುಲೆಟ್ಟಿಗೆ ಕಂಪನಿಯ ಪೈಪು, ಸೀಲುಗಳನ್ನೇ ಹೊಸದಾಗಿ ಹಾಕಿಸುತ್ತೇನೆ. ಗರ್ಡರನ್ನು ಮನೆಯ ಹಿತ್ತಲಿನಲ್ಲಿರುವ, ರಸ್ತೆಗಿಳಿಯದ ಇನ್ನೊಂದು ಚಾಸಿಸ್ಸಿಗೆ ಪ್ರದರ್ಶನಕ್ಕೆಂದು ಮಾಡುತ್ತೇನೆ. ಓರೆಯೂ 27 ಡಿಗ್ರಿಯೇ ಇರಲಿ. ಈಗ ಸ್ಪ್ರಿಂಗಿನ ಲೆಕ್ಕ ಮತ್ತು ಬುಷ್ಷಿನ ವಿಚಾರ ಉಳಿದಿದೆ.

ಕೆಎ 33 ರೈಡರ್, ಯಾದಗಿರಿ

ಪ್ರದರ್ಶನಕ್ಕೆ ಮಾತ್ರವಾದರೆ 40 ಡಿಗ್ರಿಯನ್ನು ಬಿಟ್ಟದ್ದೇಕೆ? ನಿಂತ ಬೈಕಿಗೆ ಟ್ರೇಲ್ ಏಕೆ ಬೇಕು?

ಬಿಸಿಲೂರ ಸವಾರ, ಕಲಬುರಗಿ

ಹೊಲದ ದಾರಿಯಲ್ಲಾದರೂ ಓಡಿಸುತ್ತೇನಲ್ಲ ಅಣ್ಣಾ. ಓಡದ ಫೋರ್ಕನ್ನು ಮಾಡುವುದಾದರೆ ಮರದಲ್ಲಿಯೇ ಮಾಡಬಹುದು.

ಎಂಟೆಕ್ ಹುಡುಗ, ಕಲಬುರಗಿ

ಸ್ಪ್ರಿಂಗಿನ ಲೆಕ್ಕ ಇಲ್ಲಿದೆ. ಸವಾರ ಕುಳಿತಾಗ ಮುಂದಿನ ಸ್ಪ್ರಿಂಗಿನ ಮೇಲೆ 90 ಕಿಲೋ, ಅಂದರೆ 880 ನ್ಯೂಟನ್ ಬೀಳುತ್ತದೆ ಎಂದುಕೊಳ್ಳೋಣ. ಗಾಲಿ ಒಟ್ಟು 60 ಮಿ.ಮೀ. ಆಡಬೇಕು, ಅದರಲ್ಲಿ 20 ಮಿ.ಮೀ. ಸವಾರನ ಭಾರಕ್ಕೇ ಕುಸಿಯಬೇಕು, ಕೂರಿಸುವಾಗಲೇ 15 ಮಿ.ಮೀ. ಒತ್ತಿ ಕೂರಿಸಿರಬೇಕು ಎಂದರೆ, 35 ಮಿ.ಮೀ. ಒತ್ತಿದಾಗ 880 ನ್ಯೂಟನ್ ಕೊಡುವ ಸ್ಪ್ರಿಂಗು ಬೇಕು. ಅಂದರೆ ಪ್ರತಿ ಮಿ.ಮೀ.ಗೆ 25 ನ್ಯೂಟನ್. ಸ್ಪ್ರಿಂಗ್ ಉಕ್ಕಿನ 9 ಮಿ.ಮೀ. ತಂತಿಯನ್ನು 60 ಮಿ.ಮೀ. ಸರಾಸರಿ ವ್ಯಾಸಕ್ಕೆ ಸುತ್ತಿ, ಕೆಲಸ ಮಾಡುವ ಸುತ್ತು 12 ಇಟ್ಟರೆ ಸರಿಯಾಗಿ ಅಷ್ಟೇ ಬರುತ್ತದೆ. ತಂತಿಯ ದಪ್ಪದಲ್ಲಿ ರಾಜಿ ಬೇಡ: ಬಿಗಿತವು ದಪ್ಪದ ನಾಲ್ಕನೆಯ ಘಾತದಂತೆ ಬದಲಾಗುವುದರಿಂದ, 9ರ ಬದಲು 10 ಮಿ.ಮೀ. ತಂತಿ ಹಾಕಿದರೆ ಸ್ಪ್ರಿಂಗು ಒಂದೂವರೆ ಪಟ್ಟು ಬಿಗಿಯಾಗುತ್ತದೆ. ಲಿಂಕುಗಳ ಚಲನೆ ಸ್ಪ್ರಿಂಗಿಗೆ ಒಂದಕ್ಕೊಂದು ಪ್ರಮಾಣದಲ್ಲಿ ಸಿಗುತ್ತದೆಂದು ಇಲ್ಲಿ ಹಿಡಿದಿದ್ದೇನೆ. ನಿಮ್ಮ ಚಿತ್ರದಲ್ಲಿ ಅದು ಬೇರೆ ಇದ್ದರೆ ಅಂಕಿಗಳೂ ಬೇರೆಯಾಗುತ್ತವೆ.

ಲೇಥ್ ಕಾಕಾ, ಕಲಬುರಗಿ

ಬುಷ್ಷಿಗೆ ಫಾಸ್ಫರ್ ಬ್ರಾಂಜ್ ಹಾಕು, ಪಿನ್ನಿಗೆ ಇಎನ್8 ಉಕ್ಕು. ಪ್ರತಿ ಪಿನ್ನಿಗೂ ನಡುವೆ ತೂತು ಕೊರೆದು ಗ್ರೀಸ್ ನಿಪ್ಪಲ್ ಕೊಡಲೇಬೇಕು. ಶಹಾಬಾದ್ ಕಲ್ಲಿನ ಪಾಲಿಶ್ ಧೂಳು, ಸಿಮೆಂಟಿನ ಧೂಳು ಎರಡೂ ನಮ್ಮ ಗಾಳಿಯಲ್ಲಿವೆ. ಅದು ಗ್ರೀಸಿನೊಳಗೆ ಸೇರಿದರೆ ಎಮೆರಿ ಪೇಸ್ಟಿನ ಕೆಲಸ ಮಾಡುತ್ತದೆ. ಬುಷ್ಷಿನ ಎರಡೂ ತುದಿಗೆ ರಬ್ಬರಿನ ಓ ರಿಂಗ್ ಇಟ್ಟರೆ ಸ್ವಲ್ಪ ತಡೆಯಬಹುದು. ಹಳೆಯ ಗ್ರೀಸು ಹೊರಗೆ ಬರುವವರೆಗೆ ಹೊಸದನ್ನು ತುಂಬುವುದು ರೂಢಿಯಾಗಲಿ.

ಇದಕ್ಕಿಂತ ಮುಖ್ಯವಾದದ್ದು ಜಿಗ್. ದಪ್ಪ ಕಬ್ಬಿಣದ ಹಲಗೆಯ ಮೇಲೆ ಆಕ್ಸಲಿನ ಜಾಗಕ್ಕೆ ಒಂದು ಸರಳು, ಲಿಂಕಿನ ಪಿನ್ನುಗಳ ಜಾಗಕ್ಕೆ ಎರಡು ಸರಳು ಬಿಗಿದು, ಅವು ಮೂರೂ ಒಂದಕ್ಕೊಂದು ಸಮಾನಾಂತರವಾಗಿವೆಯೇ ಎಂದು ಡಯಲ್ ಗೇಜಿನಲ್ಲಿ ನೋಡಿದ ಮೇಲೆಯೇ ಕಾಲುಗಳನ್ನು ಅದರ ಮೇಲೆ ಕೂರಿಸಿ ಟಾಕಾ ಹಾಕಬೇಕು. ಬೆಸುಗೆಯನ್ನು ಒಂದೇ ಬದಿಗೆ ಒಂದೇ ಉಸಿರಿನಲ್ಲಿ ಹಾಕಿದರೆ ಪೈಪು ಆ ಕಡೆಗೆ ಎಳೆದುಕೊಂಡು ಬಾಗುತ್ತದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಎರಡು ಕಾಲಿನ ನಡುವೆ ಒಂದು ಮಿ.ಮೀ. ವ್ಯತ್ಯಾಸ ಉಳಿದರೂ ಗಾಲಿ ಓರೆ ನಿಲ್ಲುತ್ತದೆ, ಲಿಂಕುಗಳು ಬಿಗಿದುಕೊಳ್ಳುತ್ತವೆ.

ಹುಮನಾಬಾದ್ ವೆಲ್ಡರ್

ಬಣ್ಣ ಬಳಿಯುವ ಮೊದಲು ಬಿರುಕು ಹುಡುಕುವ ಪರೀಕ್ಷೆ ಮಾಡಿಸಿ. ಕೆಂಪು ದ್ರವವನ್ನು ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿಯ ದ್ರವ ಸಿಂಪಡಿಸಿದರೆ ಕಣ್ಣಿಗೆ ಕಾಣದ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ. ಮೂರು ಡಬ್ಬಿಗಳ ಸೆಟ್ಟಾಗಿ ಸಿಗುತ್ತದೆ. ಬೈಕನ್ನು ಓಡಿಸಿದ ಮೇಲೆಯೂ ಇದನ್ನು ಆಗಾಗ ಮಾಡಬೇಕು, ಆದ್ದರಿಂದ ನಡುಗಂಬದ ಬುಡಕ್ಕೆ ದಪ್ಪ ಬಣ್ಣವನ್ನಾಗಲಿ ಪುಟ್ಟಿಯನ್ನಾಗಲಿ ಹಚ್ಚಬೇಡಿ.

ಕಿರಿಕಿರಿ ಕಿರಣ

ಟಿಗ್ ವೆಲ್ಡಿಂಗ್ ಚೆನ್ನಾಗಿ ಮಾಡುವವರು ಕಲಬುರಗಿಯಲ್ಲಿ ಎಲ್ಲಿ ಸಿಗುತ್ತಾರೆ?

ಎಂಟೆಕ್ ಹುಡುಗ, ಕಲಬುರಗಿ

ಸ್ಟೇನ್‌ಲೆಸ್ ಟ್ಯಾಂಕು ಮಾಡುವವರಲ್ಲಿ ಕೇಳಿ ನೋಡಿ, ಟಿಗ್ ಅವರ ದಿನನಿತ್ಯದ ಕೆಲಸ. ಜಿಟಿಟಿಸಿ ಎಂಬ ಸರ್ಕಾರಿ ತಾಂತ್ರಿಕ ತರಬೇತಿ ಕೇಂದ್ರದಲ್ಲಿ ಕಲಿತ ಹುಡುಗರೂ ಊರಿನಲ್ಲಿದ್ದಾರೆ. ಯಾರೇ ಆಗಲಿ, ಅದೇ ಪೈಪಿನ ಎರಡು ತುಂಡು ಕೊಟ್ಟು ಮೊದಲು ಬೆಸೆಯಲು ಹೇಳಿ, ಅದನ್ನು ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಬಡಿದು ಬಾಗಿಸಿ ನೋಡಿ. ಪೈಪು ಬಾಗಬೇಕು, ಬೆಸುಗೆ ಬಿಡಬಾರದು.

ಲೇಥ್ ಕಾಕಾ, ಕಲಬುರಗಿ

ತಮ್ಮಾ, ಚಿತ್ರ ಬರೆಯುವಾಗ ಮೇಲಿನ ಲಿಂಕಿನ ಉದ್ದವನ್ನೂ ಕೆಳಗಿನದನ್ನೂ ಪ್ರತ್ಯೇಕವಾಗಿ ಗುರುತು ಮಾಡು, ಪಿನ್ನಿನ ನಡುವಿನಿಂದ ನಡುವಿಗೆ ಅಳತೆ ಕೊಡು. ಅಂಚಿನಿಂದ ಅಂಚಿಗೆ ಕೊಟ್ಟರೆ ಮೇಸ್ತ್ರಿಗಳು ತಪ್ಪು ಕಡೆಯುತ್ತಾರೆ. ಕೋನ್ ಸೆಟ್ಟಿನ ಬದಲು ಟೇಪರ್ ರೋಲರ್ ಬೇರಿಂಗು ಹಾಕುವುದಾದರೆ ಅದನ್ನು ಮೊದಲೇ ಕೊಂಡು ತಂದು ಕೊಡು, ನಡುಗಂಬವನ್ನು ಅದರ ಒಳ ಅಳತೆಗೆ ಕಡೆಯಬೇಕಾಗುತ್ತದೆ.

ಬಿಸಿಲೂರ ಸವಾರ, ಕಲಬುರಗಿ

ಆಗಲಿ ಕಾಕಾ. ಬೇರಿಂಗು, ಸಿಡಿಎಸ್ ಪೈಪು ಎರಡನ್ನೂ ಹೈದರಾಬಾದಿನಿಂದ ತಂದ ಮೇಲೆ ಚಿತ್ರವನ್ನು ಇಲ್ಲಿಯೇ ಹಾಕುತ್ತೇನೆ. ಲಿಂಕಿನ ಅಳತೆಯನ್ನು ಮೇಷ್ಟ್ರು ಒಮ್ಮೆ ನೋಡಿಕೊಡಬೇಕು.

ನಿವೃತ್ತ ಮೆಕ್ಯಾನಿಕಲ್ ಮೇಷ್ಟ್ರು, ಬೀದರ್

ನೋಡುತ್ತೇನೆ. ಸ್ಪ್ರಿಂಗು ಪೂರ್ತಿ ಒತ್ತಿದಾಗ, ಅರ್ಧ ಒತ್ತಿದಾಗ, ಪೂರ್ತಿ ಬಿಚ್ಚಿದಾಗ ಆಕ್ಸಲ್ ಎಲ್ಲಿ ನಿಲ್ಲುತ್ತದೆಂದು ಮೂರು ಸ್ಥಾನಗಳಲ್ಲಿಯೂ ಬರೆಯಿರಿ. ಲಿಂಕುಗಳ ಉದ್ದ ಬೇರೆ ಬೇರೆ ಇದ್ದರೆ ಆಕ್ಸಲ್ ನೇರ ಗೆರೆಯಲ್ಲಿ ಆಡುವುದಿಲ್ಲ, ಟ್ರೇಲೂ ಅದರೊಂದಿಗೆ ಬದಲಾಗುತ್ತದೆ. ಮೂರು ಸ್ಥಾನಗಳ ಟ್ರೇಲನ್ನೂ ಪಕ್ಕದಲ್ಲಿ ಬರೆದು ಕಳುಹಿಸಿದರೆ ನನಗೆ ಅರ್ಧ ಕೆಲಸ ಉಳಿಯುತ್ತದೆ.